ಹಗೇವಿಗೆ ಇಳಿಬಿಟ್ಟ ದೀಪ

ಪಟ್ಟಣಕ್ಕೆ ಮುತ್ತಿಗೆ ಬಿದ್ದಾಗ ಓಡಿಬಂದ ಜನ ಅರಕೆರೆಯ ನಮ್ಮ ಛತ್ರದಲ್ಲಿ ತುಂಬಿಕೊಂಡಿದ್ದರು. ಅಡುಗೆಗೆ ಏನೂ ಉಳಿದಿರಲಿಲ್ಲ. ಛತ್ರ ನಡೆಸುತ್ತಿದ್ದ ಹಿರಿಯರು, ನೆಲದೊಳಗೆ ರಾಗಿ ತುಂಬಿಟ್ಟಿದ್ದ ಹಗೇವನ್ನು ತೆಗೆಯಲು ಒಪ್ಪಿದರು. ಅಷ್ಟರಲ್ಲಿ ದಾರಿಯ ಕಡೆ ಧೂಳೆದ್ದಿತು. ಕುದುರೆ ದಂಡು ಬಂದರೆ ರಾಗಿಯೂ ಇಲ್ಲ, ನಾವೂ ಇಲ್ಲ.

ಊರಿನ ಯಜಮಾನನಾಗಿದ್ದ ಕಮ್ಮಾರ ಹಗೇವಿನ ಬಾಯಿ ತೆಗೆಸಿ ದೀಪ ಇಳಿಬಿಟ್ಟ. ಅದು ಒಡನೆ ಆರಿತು. ಒಳಗಿನ ಕೆಟ್ಟ ಗಾಳಿಗೆ ದೀಪ ಆರಿದರೆ ಇಳಿದವನೂ ಉಳಿಯುವುದಿಲ್ಲ. ಯಾರೂ ಇಳಿಯದಂತೆ ಅವನು ಅಡ್ಡ ಕೂತುಬಿಟ್ಟ.

“ನಿನ್ ಮನೇಲಿ ಎಲ್ಲ ಉಂಡವ್ರೆ, ಅದ್ಕೇ ಇಂಗೆ ಕೂತಿದ್ದೀಯಾ!” ಎಂದು ಮಗು ಎತ್ತಿಕೊಂಡಿದ್ದವಳೊಬ್ಬಳು ಕೂಗಿದಳು.

“ಬಯ್ಯವ್ವ, ಬಯ್ಯಿ. ಒಸಿ ಗಾಳಿ ಆಡ್ಲಿ.”

ಧೂಳು ಹತ್ತಿರವಾಗುತ್ತಿತ್ತು. ಮತ್ತೆ ಇಳಿಸಿದ ದೀಪ ಕುಗ್ಗಿತು, ಆದರೆ ಆರಲಿಲ್ಲ. ಛತ್ರದ ಲೆಕ್ಕ ಬರೆಯುತ್ತಿದ್ದ ನಾನು ಇಳಿಯಲು ಮುಂದಾದೆ. ಅವನು ಹಗ್ಗದ ಒಂದು ತುದಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡು ಇನ್ನೊಂದನ್ನು ನನ್ನ ಕೈಗೆ ಕೊಟ್ಟ.

“ಓದಿದೋನು ನೀನು, ಮೇಲಿರ್ಲಾ. ಕಾಯ್ಸಿದೋನು ನಾನು, ಮೊದ್ಲು ಇಳಿಯೋನೂ ನಾನೇ.”

ಅವನು ಇಳಿದ. ತುಸು ಹೊತ್ತಿಗೆ ಹಗ್ಗ ಸಡಿಲವಾಯಿತು. ಕೂಗಿದೆ, ಮತ್ತೆ ಕೂಗಿದೆ. ಎಳೆಯಲು ಕಾಲೂರಿದಾಗ ಒಳಗೆ ಕೆಮ್ಮು ಕೇಳಿಸಿತು. “ಮಂಕರಿ ಬುಡ್ರಲಾ!” ರಾಗಿ ತುಂಬಲು ಬುಟ್ಟಿ ಇಳಿಬಿಟ್ಟೆವು.

ಆ ಧೂಳು ದಂಡಿನದಾಗಿರಲಿಲ್ಲ. ಹಸಿದು ಬಂದ ಇನ್ನಷ್ಟು ಜನರದಾಗಿತ್ತು. ಅವರಿಗೂ ಅಂಬಲಿ ಬಡಿಸಿದೆವು. ಈಗಲೂ ನೀರು ಸೇದುವಾಗ ಹಗ್ಗ ಸಡಿಲವಾದರೆ ನಾನು ಬಾವಿಯೊಳಕ್ಕೆ ಬಗ್ಗಿ ಕೂಗುತ್ತೇನೆ.