ಪುಕ್ಕಟೆ ಸಿಕ್ಕ ಮರಿ

ಬೀದಿಯವರೆಲ್ಲ ಅವಳನ್ನು ಟೈಲರಕ್ಕ ಅಂತಲೇ ಕರೆಯುವುದು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಗೆ ಮುಖ ಮಾಡಿದ ಹೊಲಿಗೆ ಮಷಿನ್, ಪಕ್ಕದಲ್ಲಿ ಇಸ್ತ್ರಿ ಮೇಜು, ಮೊಳೆಗೆ ನೇತುಬಿದ್ದ ಅಳತೆ ಟೇಪು, ಬಾಗಿಲ ಹಿಂದೆ ಯಾರೋ ಕೊಟ್ಟು ಮರೆತುಹೋದ ಪ್ಯಾಂಟುಗಳು. ಹೊಸ ಬಟ್ಟೆ ಹೊಲಿಯುವುದು ಅಪರೂಪ. ಉದ್ದ ಕಡಿಮೆ ಮಾಡುವುದು, ಸೊಂಟ ಬಿಡಿಸುವುದು, ಜಿಪ್ಪು ಬದಲಿಸುವುದು, ಪರದೆಯ ಅಂಚು ಮಡಚುವುದು, ಇದೇ ದಿನವಿಡೀ. ದಪ್ಪಗಾದವರೂ ಸಣ್ಣಗಾದವರೂ ಅವಳ ಬಾಗಿಲಿಗೇ ಬರಬೇಕು. "ನಿಮ್ಮ ಹೊಟ್ಟೆ ಹೀಗೇ ಬೆಳೀತಿರಲಿ, ನಮ್ಮ ಹೊಟ್ಟೆ ತುಂಬುತ್ತೆ" ಅಂತ ಮೊದಲೆಲ್ಲ ಗಿರಾಕಿಗಳ ಕಾಲೆಳೆಯುತ್ತಿದ್ದಳು. ಈಗ ಟೇಪು ಸುತ್ತುತ್ತಾಳೆ, ಅಳತೆ ಹೇಳುತ್ತಾಳೆ, ಅಷ್ಟೇ.

ವರ್ಷದ ಮೊದಲಿನಲ್ಲಿ ಅವಳು ಎರಡನೆಯ ಸಲ ಬಸುರಿ. ಏಳನೆಯ ತಿಂಗಳಲ್ಲಿ ಒಂದು ದಿನ ಹೊಟ್ಟೆಯೊಳಗಿನ ಒದೆತ ನಿಂತಿತು. ಆಸ್ಪತ್ರೆಗೆ ಹೋದಳು, ಬಂದಳು. ಬರುವಾಗ ಕೈಯಲ್ಲಿದ್ದದ್ದು ಮಾತ್ರೆಯ ಪೊಟ್ಟಣ. ಅಳು ಬರುತ್ತದೆ ಅಂತ ಕಾದಳು, ನಾಳೆ ಬರ್ತೀನಿ ಅಂದು ಹೋದ ಗಿರಾಕಿಗೆ ಕಾಯುವ ಹಾಗೆ. ಬರಲಿಲ್ಲ. ಬಂದವರೆಲ್ಲ "ವಯಸ್ಸು ಇನ್ನೂ ಇದೆ, ಇನ್ನೊಂದು ಆಗುತ್ತೆ ಬಿಡಮ್ಮ" ಅಂದರು. ಹೌದು ಅಂತ ತಲೆಯಾಡಿಸಿದಳು. ಹೋಗಿ ಮಷಿನ್ ಮುಂದೆ ಕೂತಳು. ಕೆಳಗಿನ ಬಾಬಿನ್‌ನಲ್ಲಿ ದಾರ ಮುಗಿದಿದ್ದರೂ ಮಷಿನ್ ಓಡುತ್ತಲೇ ಇರುತ್ತದೆ. ಸೂಜಿ ಬಟ್ಟೆಗೆ ಚುಚ್ಚುತ್ತ ಹೋಗುತ್ತದೆ, ಸದ್ದೂ ಅದೇ, ಹೊಲಿಗೆ ಮಾತ್ರ ಬೀಳುವುದಿಲ್ಲ. ಅವಳ ದಿನಗಳು ಹಾಗೆ ಹೋದವು.

ಐದು ವರ್ಷದ ಮಗಳು ಗುಂಡಿಗೆ ಏನು ಹೇಳುವುದು ಅನ್ನುವುದನ್ನು ಟೈಲರಕ್ಕನ ಅತ್ತೆ ತೀರ್ಮಾನಿಸಿಬಿಟ್ಟಿದ್ದರು. "ಪಾಪು ಡಾಕ್ಟರ ಹತ್ತಿರ ಇದೆ ಪುಟ್ಟಾ, ಆಮೇಲೆ ಬರುತ್ತೆ." ಮಗುವಿನ ಎದೆ ಒಡೆಯಬಾರದು ಅಂತಲೇ ಹೇಳಿದ್ದು. ಆ ಮಾತನ್ನು ಬಿಚ್ಚುವ ಕೆಲಸಕ್ಕೆ ಮಾತ್ರ ಯಾರೂ ಕೈ ಹಾಕಲಿಲ್ಲ. ಗುಂಡಿ ಮೊದಮೊದಲು ದಿನಾ ಕೇಳಿದಳು. ಆಮೇಲೆ ಆಗೊಮ್ಮೆ ಈಗೊಮ್ಮೆ. ಒಂದು ಸಂಜೆ ಇಸ್ತ್ರಿ ಮೇಜಿನ ಕೆಳಗೆ ಕೂತು ಚೂರು ಬಟ್ಟೆ ಆರಿಸುತ್ತಿದ್ದವಳು ಬೇರೆಯದೇ ಕೇಳಿದಳು.

"ಅಮ್ಮಾ, ಪಾಪು ಬರೋವರೆಗೂ ಒಂದು ಬೆಕ್ಕಿನ ಮರಿ ತರೋಣ್ವಾ?"

"ತರೋಣ" ಅಂದಳು ಅವಳು. ಪ್ರೀತಿ ಉಕ್ಕಿ ಅಂದದ್ದಲ್ಲ. ಬೇಡ ಅನ್ನಬೇಕಾದರೆ ಕಾರಣ ಹುಡುಕಬೇಕು. ಅಷ್ಟು ತ್ರಾಣ ಇರಲಿಲ್ಲ.

ತಿರುವಿನ ಬೇಕರಿಯವನ ಬೆಕ್ಕು ಹಿಟ್ಟಿನ ಮೂಟೆಗಳ ಹಿಂದೆ ಮರಿ ಹಾಕಿತ್ತು. ಬೇಕರಿಯವನು ಕೈ ಮುಗಿಯುವುದೊಂದು ಬಾಕಿ. "ತಗೊಂಡ್ಹೋಗಿ ಅಕ್ಕಾ, ಪುಕ್ಕಟೆ. ಬೇಕಾದ್ರೆ ಮೇಲೊಂದು ಬನ್ನೂ ಕೊಡ್ತೀನಿ." ಗುಂಡಿ ಎತ್ತಿಕೊಂಡದ್ದು ಹೆಣ್ಣು ಮರಿ. ಬಿಳಿ ಮೈ, ಬೆನ್ನ ಮೇಲೊಂದು ಕರಿ ತುಂಡು, ಕಿವಿಯ ಹತ್ತಿರ ಕಂದು ತುಂಡು, ಉಳಿದ ಬಟ್ಟೆಯಲ್ಲಿ ಯಾರೋ ಅವಸರಕ್ಕೆ ಹೊಲಿದುಕೊಟ್ಟ ಹಾಗೆ. ಅದಕ್ಕೆ ತೇಪೆ ಅಂತ ಹೆಸರಾಯಿತು.

ಪುಕ್ಕಟೆ ಅನ್ನುವುದು ಬೇಕರಿಯ ಮೆಟ್ಟಿಲಿಳಿಯುವವರೆಗೆ ಮಾತ್ರ. ಅದು ಗಲೀಜು ಮಾಡಲು ಒಂದು ಟ್ರೇ ಬೇಕು, ಟ್ರೇಗೆ ಮರಳು ಬೇಕು, ಆ ಮರಳನ್ನೂ ಅಂಗಡಿಯಲ್ಲಿ ಚೀಲದ ಲೆಕ್ಕದಲ್ಲಿ ಮಾರುತ್ತಾರೆ. ಹಾಲು ಕೊಟ್ಟರೆ ಭೇದಿ. ಹುಳದ ಔಷಧಿ, ಚಿಗಟದ ಔಷಧಿ, ಲಸಿಕೆ, ತಿಂಗಳು ಕಳೆದು ಮತ್ತೊಂದು ಲಸಿಕೆ. ಅತ್ತೆ ಮೂಗು ಮುರಿದರು.

"ದುಡ್ಡು ಕೊಟ್ಟು ಮಣ್ಣು ತರೋದನ್ನ ಈ ವಯಸ್ಸಲ್ಲಿ ನೋಡ್ಬೇಕಾಯ್ತಲ್ಲ."

"ಮಣ್ಣಲ್ಲ ಅಮ್ಮ, ಮರಳು" ಅಂದ ಅವಳ ಗಂಡ. ಅವನು ಸಿಟಿ ಬಸ್ಸಿನ ಡ್ರೈವರ್. ಊಟದ ತಟ್ಟೆ ಹಿಡಿದೇ ಟ್ರೇ ಕಡೆ ನೋಡಿದ. "ನನ್ನ ಶೂ ಹರಿದು ಬಾಯಿ ಬಿಟ್ಟಿದೆ, ಕೇಳೋರಿಲ್ಲ. ಮಹಾರಾಣಿಗೆ ಮಾತ್ರ ತಿಂಗಳು ತಿಂಗಳು ಹೊಸ ಬಚ್ಚಲು."

"ನೀನು ಹೋಗಿ ಬೇಕರಿ ಮೂಟೆ ಹಿಂದೆ ಹುಟ್ಟು, ನಿನಗೂ ತರ್ತಾಳೆ" ಅಂದರು ಅತ್ತೆ.

ಟೈಲರಕ್ಕ ನಗಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. ಮಾಡಬೇಕಾದ್ದನ್ನು ಮಾಡಿದಳು. ಟ್ರೇ ತೊಳೆದಳು. ಸ್ಯಾಟಿನ್ ಗೌನಿನ ಮೇಲೆ ತೇಪೆ ಉಗುರು ಹಾಕಿ ಎಳೆ ಕಿತ್ತಾಗ ಗಿರಾಕಿಯ ಕೈಯಲ್ಲಿ ಅನ್ನಿಸಿಕೊಂಡಳು, ಕೂಲಿ ಬಿಟ್ಟುಕೊಟ್ಟಳು, ಮರಿಯ ಉಗುರು ಕತ್ತರಿಸುವುದನ್ನು ಕಲಿತಳು. ಸೂಜಿಗಳಿಗೆ ಹೆದರಿ ಎಲ್ಲವನ್ನೂ ಮುಚ್ಚಳದ ಡಬ್ಬಿಗೆ ಸೇರಿಸಿದಳು, ಸಂಜೆ ನೆಲದ ಮೇಲೆ ಅಯಸ್ಕಾಂತ ಆಡಿಸಿದ ಮೇಲೇ ಮಲಗುತ್ತಿದ್ದಳು. ದಾರಕ್ಕೆ ಹೆದರಬೇಕು ಅಂತ ಅವಳಿಗೆ ಹೊಳೆಯಲೇ ಇಲ್ಲ. ದಾರ ಅವಳ ಮನೆಯಲ್ಲಿ ಒಂದು ವಸ್ತುವೇ ಅಲ್ಲ. ಹಲ್ಲಲ್ಲಿ ಕಚ್ಚಿ ಉಗಿಯುತ್ತಾಳೆ, ಮೈಮೇಲೆ ಹತ್ತಿರುತ್ತದೆ, ಅನ್ನದಲ್ಲೂ ಒಮ್ಮೊಮ್ಮೆ ಸಿಗುತ್ತದೆ. ಗುಂಡಿ ಉದ್ದದ ದಾರ ಎಳೆದಾಡಿ ತೇಪೆಯನ್ನು ಕುಣಿಸುವಾಗ, ಇಬ್ಬರೂ ಸದ್ದಿಲ್ಲದೆ ಇದ್ದಾರಲ್ಲ, ಸದ್ಯ, ಅಂದುಕೊಂಡು ಮಷಿನ್ ತುಳಿಯುತ್ತಲೇ ಇದ್ದಳು.

ಮಳೆಗಾಲದ ಪರದೆಗಳ ರಾಶಿ ಬಂದ ವಾರ ತೇಪೆ ತಿನ್ನುವುದು ಬಿಟ್ಟಿತು. ಎರಡು ಸಲ ನೊರೆ ನೊರೆಯಾಗಿ ಕಕ್ಕಿತು. ಇಸ್ತ್ರಿ ಮೇಜಿನ ಕೆಳಗೆ ಮೈ ಮುದುಡಿಕೊಂಡು ಕೂತಿತು. ಗುಂಡಿ ಶಾಲೆಗೆ ಹೋದ ಮೇಲೆ ಅವಳು ಎತ್ತಿ ನೋಡಿದಳು. ಬಾಲದ ಕೆಳಗೆ ಬಿಳಿ ದಾರದ ತುದಿ ಇಣುಕುತ್ತಿತ್ತು. ಪರದೆಗೆ ಹಾಕಿದ ಕಚ್ಚಾ ಹೊಲಿಗೆಯ ದಾರ.

ಕಚ್ಚಾ ಹೊಲಿಗೆ ಅಂದರೆ ಆಮೇಲೆ ಎಳೆದು ತೆಗೆಯಲೆಂದೇ ಹಾಕುವ ಹೊಲಿಗೆ. ತುದಿ ಕಂಡರೆ ಬೆರಳು ತಾನಾಗಿ ಹಿಡಿಯುತ್ತದೆ, ಎಳೆಯುತ್ತದೆ. ಅವಳ ಬೆರಳೂ ಹಾಗೇ ಎಳೆಯಿತು. ಸ್ವಲ್ಪ ಬಂತು. ಆಮೇಲೆ ಒಳಗೆಲ್ಲೋ ಬಿಗಿಯಿತು, ಅವಳು ಇನ್ನೊಂದಿಷ್ಟು ಎಳೆದಳು. ತೇಪೆ ಕೂಗಿದ ಕೂಗಿಗೆ ಅಡುಗೆಮನೆಯಿಂದ ಅತ್ತೆ ಓಡಿಬಂದರು.

"ಏನಾಯ್ತೇ?"

"ದಾರ ನುಂಗಿದೆ." ಅವಳು ಕೈ ಬಿಟ್ಟಿದ್ದಳು. ಪರದೆ ತುಂಬಿ ತಂದ ರಟ್ಟಿನ ಪೆಟ್ಟಿಗೆಯಲ್ಲಿ ಮರಿಯನ್ನಿಟ್ಟು, ಮೇಲೆ ತೂತು ಮಾಡಿ, ಬಸ್ಸು ಹತ್ತಿದಳು.

ಪ್ರಾಣಿಗಳ ಆಸ್ಪತ್ರೆಯ ಬೆಂಚಿನ ಮೇಲೆ ಒಂದು ಭಾರಿ ನಾಯಿ, ಅದರ ಕಾಲ ಬಳಿ ಅದಕ್ಕಿಂತ ಭಾರಿ ಯಜಮಾನ. ನೆಲ ಒರೆಸಿದ ಔಷಧಿಯ ವಾಸನೆ. ಆ ವಾಸನೆ ಅವಳಿಗೆ ಗೊತ್ತು. ಗೊತ್ತು ಅನ್ನುವುದನ್ನು ಬಿಟ್ಟು ಬೇರೇನೂ ಆಗಲಿಲ್ಲ. ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ತನ್ನ ಸರದಿ ಕಾದಳು.

ಡಾಕ್ಟರು ಚಿಕ್ಕ ಪ್ರಾಯದ ಹೆಂಗಸು. ಹೊಟ್ಟೆ ಒತ್ತಿ ನೋಡಿದರು, ಸ್ಕ್ಯಾನ್ ಮಾಡಿದರು, ಅದರ ಸ್ಕ್ರೀನನ್ನು ಇವಳ ಕಡೆ ತಿರುಗಿಸಿದರು.

"ದಾರದ ಒಂದು ತುದಿ ಹೊಟ್ಟೇಲಿ ಸಿಕ್ಕಿಕೊಂಡಿದೆ. ಇನ್ನೊಂದು ತುದಿ ಕೆಳಗಿಳಿದಿದೆ. ಕರುಳೆಲ್ಲ ಆ ದಾರದ ಮೇಲೆ ಮುದುಡ್ಕೊಂಡು ಕೂತಿದೆ, ನೋಡಿ."

ಅವಳು ನೋಡಿದಳು. ಫ್ರಾಕಿನ ಸೊಂಟಕ್ಕೆ ನೆರಿಗೆ ಹಿಡಿಯುವುದು ಹೀಗೇ. ಉದ್ದಕ್ಕೂ ದಾರ ಓಡಿಸಿ, ಒಂದು ತುದಿಗೆ ಗಂಟು ಹಾಕಿ, ಇನ್ನೊಂದನ್ನು ಎಳೆಯುವುದು.

"ನೆರಿಗೆ ಬಿದ್ದಿದೆ" ಅಂದಳು.

"ಹೂಂ, ಹಾಗೇ. ಯಾರಾದ್ರೂ ದಾರ ಎಳೆದ್ರಾ?"

"ನಾನೇ."

ಡಾಕ್ಟರು ಬೈಯಲಿಲ್ಲ. "ಎಳೀಬಾರದಿತ್ತು" ಅಂದರು ಮೆತ್ತಗೆ. "ಈಗ ಹೊಟ್ಟೆ ಕೊಯ್ದು ತೆಗೀಬೇಕು. ಮರಿ ತುಂಬಾ ಸಣ್ಣದು, ಉಳಿಯುತ್ತೆ ಅಂತ ಭರವಸೆ ಕೊಡಲ್ಲ. ಖರ್ಚೂ ಜಾಸ್ತಿನೇ." ಹೇಳಿದ ಮೊತ್ತ, ಅವಳು ಅಂಚು ಕಟ್ಟುವ ಓವರ್‌ಲಾಕ್ ಮಷಿನ್ನಿಗೆ ಅಂತ ಕೂಡಿಟ್ಟದ್ದರಲ್ಲಿ ಮುಕ್ಕಾಲು ಪಾಲು. "ಬೇಡ ಅಂದ್ರೆ ನೋವಿಲ್ಲದ ಹಾಗೆ ಇಂಜೆಕ್ಷನ್ ಕೊಡಬಹುದು. ಯೋಚನೆ ಮಾಡಿ. ತಡ ಮಾತ್ರ ಮಾಡಬೇಡಿ."

ಅವಳು ಹೊರಗೆ ಬಂದು ಗಂಡನಿಗೆ ಫೋನ್ ಮಾಡಿದಳು. ಅವನು ಡಿಪೋದಲ್ಲಿದ್ದ, ಹಿಂದಿನಿಂದ ಬಸ್ಸುಗಳ ಗುರುಗುರು. ಎಲ್ಲ ಕೇಳಿಸಿಕೊಂಡ. ಆಮೇಲೆ ದನಿ ತಗ್ಗಿಸಿ ಹೇಳಿದ, "ನೋಡೇ, ತಪ್ಪು ತಿಳ್ಕೋಬೇಡ. ಬೇಕರೀಲಿ ಇನ್ನೂ ಒಂದು ಮರಿ ಇದೆಯಂತೆ. ಅದೂ ಹೆಚ್ಚೂಕಡಿಮೆ ಇದೇ ಬಣ್ಣ. ಇವತ್ತೇ ತಂದುಬಿಟ್ರೆ ಗುಂಡಿಗೆ ಗೊತ್ತೂ ಆಗಲ್ಲ."

"ಕಿವಿ ಹತ್ರ ಕಂದು ಇದೆ ಇದಕ್ಕೆ."

"ಅವಳಿನ್ನೂ ಮಗು ಕಣೇ, ಅಷ್ಟೆಲ್ಲ ನೋಡ್ತಾಳಾ? ಇನ್ನೊಂದು ಮರಿ ಸಿಕ್ಕಿದ್ರೆ ಸಾಕು ಅವಳಿಗೆ."

ಅವನ ಮಾತಿನಲ್ಲಿ ಕೇಡಿರಲಿಲ್ಲ. ಲೆಕ್ಕ ಸರಿಯಾಗೇ ಇತ್ತು. ಅವಳು ರಸ್ತೆಯಾಚೆಯ ಟೈರ್ ಅಂಗಡಿಯನ್ನು ನೋಡುತ್ತ ನಿಂತಳು. ಆಸ್ಪತ್ರೆಯಿಂದ ಖಾಲಿ ಕೈಯಲ್ಲಿ ಆ ಮನೆಗೆ ಎರಡನೆಯ ಸಲ ಹೋಗಬೇಕು, ಎರಡನೆಯ ಸುಳ್ಳು ಹೇಳಬೇಕು, ಆಮೇಲೆ ಅದನ್ನು ದಿನಾ ಸಾಕಬೇಕು. ಸುಳ್ಳಿಗೂ ಟ್ರೇ ತೊಳೆಯಬೇಕಾಗುತ್ತದೆ.

"ಆಪರೇಷನ್ ಮಾಡಿಸ್ತೀನಿ" ಅಂದಳು.

"ಓವರ್‌ಲಾಕ್?"

"ಕೈಯಲ್ಲೇ ಅಂಚು ಕಟ್ತೀನಿ. ಇಷ್ಟು ವರ್ಷ ಕಟ್ಟಿಲ್ವಾ?"

"ಸರಿ ಮಾರಾಯ್ತಿ. ನಿನ್ನ ಕೈ, ನಿನ್ನ ದುಡ್ಡು." ಫೋನಿಡುವ ಮೊದಲು, "ಊಟ ಮಾಡಿದ್ಯಾ?" ಅಂದ.

ಮರಿಯನ್ನು ಅಲ್ಲೇ ಬಿಟ್ಟು, ಖಾಲಿ ಪೆಟ್ಟಿಗೆ ಹಿಡಿದು ಅವಳು ಮನೆ ಸೇರುವ ಹೊತ್ತಿಗೆ ಗುಂಡಿ ಶಾಲೆಯಿಂದ ಬಂದಿದ್ದಳು. ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು. ಇವಳು ಚಪ್ಪಲಿ ಬಿಡುವುದರೊಳಗೆ ಅತ್ತೆ ಬಾಯಿ ಹಾಕಿಬಿಟ್ಟರು.

"ತೇಪೆ ಡಾಕ್ಟರ ಹತ್ತಿರ ಇದೆ ಪುಟ್ಟಾ. ಆಮೇಲೆ ಬರುತ್ತೆ."

ಗುಂಡಿ ಅಳಲಿಲ್ಲ, ರಚ್ಚೆ ಹಿಡಿಯಲಿಲ್ಲ. ಮೂಲೆಯಲ್ಲಿದ್ದ ತೇಪೆಯ ಊಟದ ತಟ್ಟೆ ಎತ್ತಿಕೊಂಡಳು, ತುದಿಗಾಲಲ್ಲಿ ನಿಂತು ನಲ್ಲಿಯಲ್ಲಿ ತೊಳೆದಳು, ತನ್ನ ಫ್ರಾಕಿಗೇ ಒರೆಸಿ ಬೀರುವಿನ ಕೆಳಗಿನ ಖಾನೆಯಲ್ಲಿಟ್ಟಳು. ಪಾಪುಗೆ ಅಂತ ಹೊಲಿದಿಟ್ಟಿದ್ದ ಕುಲಾವಿಗಳು ಇದ್ದದ್ದೂ ಅದೇ ಖಾನೆಯಲ್ಲಿ.

"ಅಲ್ಲಿ ಯಾಕೆ ಇಟ್ಟೆ?" ಅಂತ ಕೇಳಿದಳು ಅಮ್ಮ.

"ಡಾಕ್ಟರ ಹತ್ತಿರ ಇರೋದು ಬರಲ್ಲವಲ್ಲ" ಅಂದಳು ಗುಂಡಿ. ಅತ್ತೆಯ ಕಡೆ ನೋಡಲೂ ಇಲ್ಲ.

ಅತ್ತೆ ಸೆರಗನ್ನು ಸರಿಮಾಡಿಕೊಂಡು ಒಳಗೆ ಹೋದರು. ಆ ಸಂಜೆ ಅವರು ಯಾರನ್ನೂ ಚುಚ್ಚಲಿಲ್ಲ.

ಮರುದಿನ ಆಸ್ಪತ್ರೆಯಿಂದ ಫೋನ್ ಬಂತು. ಆಪರೇಷನ್ ಆಯ್ತು, ರಾತ್ರಿ ಕಳೆದಿದೆ, ಇನ್ನೂ ಏನೂ ತಿಂದಿಲ್ಲ, ಇವತ್ತು ತಿಂದರೆ ಬದುಕುತ್ತೆ ಅಂದರು. ಅವಳು ಗುಂಡಿಗೆ ಶಾಲೆಯ ಬೂಟಿನ ಬದಲು ಚಪ್ಪಲಿ ಹಾಕಿಸಿದಳು.

"ಅಂಥಾ ಜಾಗಕ್ಕೆ ಮಗೂನ ಕರ್ಕೊಂಡು ಹೋಗ್ತಾರಾ? ಅದೇನಾದ್ರೂ ಅಲ್ಲೇ..." ಅತ್ತೆ ಅರ್ಧಕ್ಕೆ ನಿಲ್ಲಿಸಿದರು.

"ಅಲ್ಲೇ ಏನಾಗುತ್ತೋ ನೋಡಲಿ ಅತ್ತೆ" ಅಂದಳು. ದನಿ ಎತ್ತರಿಸಲಿಲ್ಲ. ಅತ್ತೆ ಬಾಗಿಲಿನಿಂದ ಸರಿದು ನಿಂತರು.

ಹಿಂದಿನ ಕೋಣೆಯಲ್ಲಿ ಒಂದರ ಮೇಲೊಂದು ಕಬ್ಬಿಣದ ಗೂಡುಗಳು. ಮಧ್ಯದ ಸಾಲಿನಲ್ಲಿ ತೇಪೆ, ಹೊಟ್ಟೆಯ ಕೂದಲು ಬೋಳಿಸಿ, ಉದ್ದಕ್ಕೆ ಕಪ್ಪು ಹೊಲಿಗೆ. ಗುಂಡಿಯ ದನಿ ಕೇಳಿ ಕಿವಿ ತಿರುಗಿಸಿತು, ತಲೆ ಎತ್ತಲಿಲ್ಲ. ಗುಂಡಿ ಸರಳಿಗೆ ಮೂಗು ಒತ್ತಿ ಬಹಳ ಹೊತ್ತು ಪರೀಕ್ಷೆ ಮಾಡಿದಳು.

"ಅಮ್ಮಾ, ಈ ಡಾಕ್ಟರಿಗೆ ಹೊಲಿಗೆ ಬರಲ್ಲ. ಒಂದು ದೂರ, ಒಂದು ಹತ್ತಿರ."

ಡಾಕ್ಟರು ಹಿಂದೆಯೇ ನಿಂತಿದ್ದರು. "ಅದರ ಹೊಟ್ಟೆ ಇಷ್ಟೇ ಇಷ್ಟಮ್ಮಾ, ನಾನೇನು ಮಾಡ್ಲಿ" ಅಂದು, ಬೆರಳ ತುದಿಗೆ ಒಂದಿಷ್ಟು ಮೆತ್ತನೆ ಊಟ ಹಚ್ಚಿ ಗುಂಡಿಯ ಬೆರಳಿಗೆ ಸವರಿದರು. "ನೀನು ಕೊಟ್ಟು ನೋಡು."

ತೇಪೆ ಮೂಸಿತು. ಮುಖ ತಿರುಗಿಸಿತು. ಮತ್ತೆ ಮೂಸಿತು. ಆಮೇಲೆ ಕಣ್ಣು ಮುಚ್ಚಿಕೊಂಡೇ ಬೆರಳನ್ನು ನೆಕ್ಕಿತು, ಒಂದು ಸಲ, ಇನ್ನೊಂದು ಸಲ. ಡಾಕ್ಟರು ಉಸಿರು ಬಿಟ್ಟರು. "ಸದ್ಯ. ಹೀಗೇ ತಿಂದ್ರೆ ಎರಡು ದಿನಕ್ಕೆ ಮನೆಗೆ ಕಳಿಸ್ತೀನಿ" ಅಂದು ಆಚೆ ಹೋದರು.

ಗುಂಡಿ ಬೆರಳು ಒರೆಸಿಕೊಳ್ಳದೆ ಉಳಿದ ಗೂಡುಗಳನ್ನು ನೋಡತೊಡಗಿದಳು. ಬಗ್ಗಿ ಕೆಳಗಿನ ಸಾಲು ನೋಡಿದಳು. ಕತ್ತು ಚಾಚಿ ಮೇಲಿನದನ್ನು ನೋಡಿದಳು.

"ಏನು ಹುಡುಕ್ತಿದ್ದೀಯಾ?"

"ಪಾಪು ಯಾವುದರಲ್ಲಿದೆ?"

ಟೈಲರಕ್ಕ ನೆಲದ ಮೇಲೆ ಕೂತಳು. ಇದಕ್ಕೇ ಕರೆತಂದದ್ದು ಅಂತ ಆಗ ಅವಳಿಗೆ ತಿಳಿಯಿತು.

"ಪಾಪು ಇಲ್ಲಿಲ್ಲ. ಎಲ್ಲೂ ಇಲ್ಲ. ನನ್ನ ಹೊಟ್ಟೇಲಿದ್ದಾಗಲೇ ಸತ್ತುಹೋಯ್ತು."

"ಡಾಕ್ಟರ ಹತ್ತಿರ ಇದೆ ಅಂದ್ರಲ್ಲ ಅಜ್ಜಿ."

"ನಿನಗೆ ಬೇಜಾರಾಗುತ್ತೆ ಅಂತ ಹಾಗಂದ್ರು. ನಾನೂ ಸುಮ್ಮನಿದ್ದೆ."

"ಹೊಲಿದು ಸರಿ ಮಾಡೋಕೆ ಆಗ್ಲಿಲ್ವಾ?"

"ಇಲ್ಲ. ಆಗಲಿಲ್ಲ."

ಗುಂಡಿ ಅಮ್ಮನ ಮುಖವನ್ನು ನೋಡಿದಳು. ತೇಪೆಯನ್ನು ನೋಡಿದಳು, ಅದು ಇನ್ನೂ ತುಟಿ ನೆಕ್ಕಿಕೊಳ್ಳುತ್ತಿತ್ತು. "ಇದು ಬರುತ್ತಲ್ವಾ?" ಅಂದಳು.

"ಇವತ್ತು ತಿಂದಿದೆ. ಬರಬಹುದು. ಏನೇ ಆದ್ರೂ ನಿನಗೆ ಹೇಳ್ತೀನಿ."

ಆಗ ಗುಂಡಿಯ ಕೆಳತುಟಿ ಅದುರಿತು. ಇಷ್ಟು ತಿಂಗಳು ಎಲ್ಲಿ ಇಟ್ಟುಕೊಂಡಿದ್ದಳೋ, ಅಮ್ಮನ ಮಡಿಲಿಗೆ ಮುಖ ಹುದುಗಿಸಿ, ಪಕ್ಕದ ಗೂಡಿನ ನಾಯಿಯೂ ದನಿಗೂಡಿಸುವಷ್ಟು ಜೋರಾಗಿ ಅತ್ತಳು. ಟೈಲರಕ್ಕ ಮಗಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಳು. ಅವಳ ಕಣ್ಣು ಒಣಗಿಯೇ ಇತ್ತು. ಎದೆಯಲ್ಲಿ ಏನೂ ಕದಲಲಿಲ್ಲ. ಆದರೆ ಮಗಳ ಕಣ್ಣೀರು ಬಟ್ಟೆಯನ್ನು ದಾಟಿ ಹೊಟ್ಟೆಯ ಚರ್ಮಕ್ಕೆ ತಾಗಿದ್ದು, ಮೊದಲು ಬೆಚ್ಚಗೆ, ಆಮೇಲೆ ತಣ್ಣಗೆ, ಅವಳಿಗೆ ಗೊತ್ತಾಯಿತು. ಒರೆಸಿಕೊಳ್ಳದೆ ಹಾಗೇ ಬಿಟ್ಟಳು.