ಫ್ಲಾಸ್ಕಮ್ಮನ ಗಿರಾಕಿಗಳು

ಪ್ರಯೋಗಾಲಯದ ಮುಖ್ಯಸ್ಥರು ಅತಿಥಿಗಳ ಮುಂದೆ ಫ್ಲಾಸ್ಕು ಬಗ್ಗಿಸಿದಾಗ ಕಪ್ಪಿಗೆ ಬಿದ್ದದ್ದು ಕಾಫಿಯಲ್ಲ. ಬೆಚ್ಚಗಿನ ಉಪ್ಪುನೀರು, ಅದರ ಹಿಂದೆಯೇ ಪುಳಕ್ಕನೆ ಒಂದು ಕುರಿಯ ಅಂಡಾಶಯ. ಮುಖ್ಯಸ್ಥರು ಆ ಕ್ಷಣವೇ ಅಸ್ವಸ್ಥರಾದರು. ಬಾಗಿಲಲ್ಲಿ ನಿಂತ ಸಹಾಯಕಿಯ ಕೈಯಲ್ಲಿ ಅದೇ ಬಣ್ಣದ ಇನ್ನೊಂದು ಫ್ಲಾಸ್ಕು ಘಮಘಮಿಸುತ್ತಿತ್ತು.

ಅಂದಿನಿಂದ ಆಕೆ ಫ್ಲಾಸ್ಕಮ್ಮ. ಕಸಾಯಿಖಾನೆಯಿಂದ ಅಂಡಾಶಯಗಳನ್ನು ಬೆಚ್ಚಗೆ ತರುವುದು, ಅವುಗಳ ಜೀವಕೋಶಗಳನ್ನು ಗುಲಾಬಿ ದ್ರವದ ತಟ್ಟೆಗಳಲ್ಲಿ ಸಾಕುವುದು ಆಕೆಯ ಕೆಲಸ. ಮುಖ್ಯಸ್ಥರು ಕಾಫಿ ಕಪ್ಪಿನ ಸಿಟ್ಟನ್ನು ಆ ಕೋಶಗಳ ಪ್ರಯೋಗದ ಮೇಲೆ ತೀರಿಸಿಕೊಂಡರು.

"ಆಗ್ಲೇ ಎರಡು ಸಲ ಕೈಕೊಟ್ಟಿದೆ. ಇದೊಂದು ಸಲ ನೋಡ್ತೀನಿ. ಆಮೇಲೆ ಆ ಕೋಣೆ ಬೇರೆಯವರಿಗೆ, ಫ್ಲಾಸ್ಕಮ್ಮ ಗಾಜು ತೊಳೆಯೋಕೆ."

ಪ್ರಯೋಗ ನಡೆಸುತ್ತಿದ್ದ ಮೇಡಂ ತಟ್ಟೆ ಜೋಡಿಸುತ್ತ ಆಕೆಗೆ ವಿವರಿಸಿದರು. "ಕೋಶದ ಮೈಮೇಲೆ ಗ್ರಾಹಕಗಳಿರ್ತವೆ. ಹಾರ್ಮೋನ್ ಬಂದು ತನ್ನ ಗ್ರಾಹಕಕ್ಕೆ ಅಂಟಿಕೊಂಡ್ರೆ ಒಳಗೆ ಸುದ್ದಿ ಹೋಗುತ್ತೆ. ಬೆಳವಣಿಗೆಯ ಅಂಶ, ಅಂದ್ರೆ ಗ್ರೋತ್ ಫ್ಯಾಕ್ಟರ್, ಅದಕ್ಕೆ ಬೇರೆ ಗ್ರಾಹಕ. ಎರಡೂ ಸುದ್ದಿ ಒಳಗೆ ಕೂಡಿದ್ರೆ ಕೋಶ ಮೈಕೊಡವಿ ಎದ್ದು ಕೆಲಸ ಮಾಡ್ಬೇಕು."

ಇಲ್ಲಿಗೆ ಬರುವ ಮೊದಲು ಫ್ಲಾಸ್ಕಮ್ಮ ಬಟ್ಟೆ ಅಂಗಡಿಯಲ್ಲಿದ್ದವಳು. ಅವಳಿಗೆ ಗ್ರಾಹಕ ಎಂದರೆ ಗಿರಾಕಿಯೇ.

"ಗೊತ್ತಾಯ್ತು ಬಿಡಿ ಮೇಡಂ. ಒಬ್ಬಳೇ ಬಂದವಳು ಇರೋಬರೋ ಬಟ್ಟೆ ಥಾನೆಲ್ಲ ಬಿಚ್ಚಿಸಿ, ಮೂಗು ಮುರಿದು ಹೋಗ್ತಾಳೆ. ಜೊತೆಗೆ ನಾದಿನಿ ಬಂದ್ಲೋ, ಅರ್ಧ ಅಂಗಡೀನೇ ಕಟ್ಟಿಸ್ಕೊಂಡು ಹೋಗ್ತಾಳೆ."

"ಗಿರಾಕಿ ಅಲ್ಲ ರೀ, ಗ್ರಾಹಕ! ಅಂಗಡಿ ಬಾಗಿಲು ಅನ್ಕೊಳ್ಳಿ."

"ಬಾಗಿಲನ್ನೇ ಗಿರಾಕಿ ಅಂದ್ರೆ ವ್ಯಾಪಾರ ಹೆಂಗಾಗುತ್ತೆ ಮೇಡಂ?"

ತಟ್ಟೆಗಳು ಕಾವುಪೆಟ್ಟಿಗೆ ಸೇರಿದವು. ಮಧ್ಯಾಹ್ನದ ಮೌನದಲ್ಲಿ ಅದು ಗುಂಯ್‌ಗುಡುತ್ತಿತ್ತು. ಫ್ಲಾಸ್ಕಮ್ಮ ಅದರ ಬಾಗಿಲಿಗೆ ಬಲಗೆನ್ನೆ ಆನಿಸಿ ಕಣ್ಣು ಮುಚ್ಚಿದಳು. ಗುಲಾಬಿ ದ್ರವ ಮೆಲ್ಲಗೆ ಸಂಜೆಯ ಬೀದಿಯಾಯಿತು. ಇಕ್ಕೆಲದಲ್ಲೂ ದೀಪ ಹಚ್ಚಿಟ್ಟ ಪುಟ್ಟ ಪುಟ್ಟ ಅಂಗಡಿಗಳು. ಹಾರ್ಮೋನಮ್ಮ ತೇಲುತ್ತ ಬಂದು ಒಂದು ಹೊಸ್ತಿಲಲ್ಲಿ ಕೂತಳು. ಒಳಗೆ ಯಾರೋ ಆಕಳಿಸಿದರು, ಅಷ್ಟೆ. ಆಮೇಲೆ ನಾದಿನಿ ಬಂದು ಪಕ್ಕದ ಹೊಸ್ತಿಲು ಹಿಡಿದಳು. ಎರಡು ಪಿಸುಮಾತುಗಳು ಕೈಯಿಂದ ಕೈಗೆ ದಾಟುತ್ತ ಹಿಂದಿನ ಕತ್ತಲ ಕೋಣೆಯಲ್ಲಿ ಒಂದಾದವು. ಅಲ್ಲಿ ಮಡಿಚಿಟ್ಟಿದ್ದ ಥಾನುಗಳು ತಾವಾಗಿಯೇ ಬಿಚ್ಚಿಕೊಂಡು ಬೀದಿಯ ತುಂಬ ಹರಿದವು. ಕೋಶವೆಂದರೆ ಭಂಡಾರ ಎಂದು ಸುಮ್ಮನೆ ಹೇಳುತ್ತಾರೆಯೇ!

ಫಲಿತಾಂಶದ ದಿನ ಮುಖ್ಯಸ್ಥರೇ ಬಂದು ಪರದೆಯ ಮುಂದೆ ನಿಂತರು. ಕೋಶಗಳ ಕೆಲಸ ತೋರಿಸುವ ನಕ್ಷೆಯಲ್ಲಿ ಹಾರ್ಮೋನ್ ಒಂದೇ ಇದ್ದ ತಟ್ಟೆಯ ಗೆರೆ ಗಿಡ್ಡ. ಬೆಳವಣಿಗೆಯ ಅಂಶ ಒಂದೇ ಇದ್ದದ್ದು ಇನ್ನೂ ಗಿಡ್ಡ. ಎರಡೂ ಕೂಡಿದ್ದ ತಟ್ಟೆಯ ಗೆರೆ ಏರುತ್ತ ಏರುತ್ತ ಪರದೆಯ ನೆತ್ತಿ ಮುಟ್ಟಿತು.

"ನಾದಿನಿ ಬಂದ್ಲು!" ಎಂದು ಕೂಗಿ ಮೇಡಂ ನಾಲಿಗೆ ಕಚ್ಚಿಕೊಂಡರು.

"ಕೋಣೆ ನಿಮ್ಗೇ ಇರ್ಲಿ," ಎಂದ ಮುಖ್ಯಸ್ಥರ ದನಿ ಯಾಕೋ ಮೆತ್ತಗಾಗಿತ್ತು. ಅವರು ಫ್ಲಾಸ್ಕಮ್ಮನತ್ತ ತಿರುಗಿದರು. "ಅಲ್ಲಮ್ಮಾ, ದಿನಾ ಆ ಪೆಟ್ಟಿಗೆಗೆ ಕೆನ್ನೆ ಕೊಟ್ಟು, ಕಣ್ಮುಚ್ಚಿ ನಿಂತಿರ್ತೀರಂತೆ. ಒಳಗಿಂದ ಏನಮ್ಮಾ ಕೇಳಿಸುತ್ತೆ?"

ಫ್ಲಾಸ್ಕಮ್ಮ ಬಲಗೆನ್ನೆ ಸವರಿಕೊಂಡಳು.

"ಏನೂ ಇಲ್ಲ ಸಾರ್. ದವಡೆ ಹಲ್ಲು ನೋವು. ಆ ಬಾಗಿಲು ಹಿತವಾಗಿ ಬೆಚ್ಚಗಿರುತ್ತೆ."