ಮಾಸ್ತರರ ಕಸಿ

೧೯೬೦ರ ಆಸುಪಾಸಿನಲ್ಲಿ ಟಿಕೋಟಾದ ವಾಚನಾಲಯಕ್ಕೆ ಪ್ರತಿ ರವಿವಾರ, ನಾವು ಓದಿದ ಪುಸ್ತಕದ ಚರ್ಚೆ ನಡೆಸಲು, ವಿಜಾಪುರದಿಂದ ಒಬ್ಬ ಮಾಸ್ತರರು ಬರುತ್ತಿದ್ದರು. ಯಾರು ಏನು ಅಂದರೂ ಮೂಗಿನ ಮೇಲಿನ ಚಾಳೀಸು ತೆಗೆದು ಧೋತರದ ಚುಂಗಿನಿಂದ ಒರೆಸುತ್ತ, ‘ಸಾಲಿ ಬಿಟ್ಟಾವ್ರು ಬರೇ ಕೇಳ್ಬೇಕು’ ಅನ್ನುವರು. ಮೂರನೇ ಇಯತ್ತೆಗೆ ಸಾಲಿ ಬಿಟ್ಟು ನೇಗಿಲು ಹಿಡಿದ ನನಗೇ ಆ ಮಾತು ತಾಗುತ್ತಿತ್ತು.

ಒಮ್ಮೆ ಇಟಲಿಯ ಹಳೆಯ ಕಾಲದ ಗಾಯಕರ ಬಗೆಗಿನ ಕಾದಂಬರಿಯೊಂದು ಅನುವಾದವಾಗಿ ಬಂತು. ದನಿ ಒಡೆಯಬಾರದೆಂದು ಅಲ್ಲಿ ಎಳೆಯ ಹುಡುಗರಿಗೆ ಕಸಿ ಮಾಡುತ್ತಿದ್ದರಂತೆ. ಹೋರಿಯ ಬೀಜ ಒಡೆದು ಎತ್ತು ಮಾಡುತ್ತಾರಲ್ಲ, ಅದೇ ಕಸಿ. ಅಕ್ಷರ ಕೂಡಿಸಿ ಕೂಡಿಸಿ ತಿಂಗಳು ಹಿಡಿದು ಓದಿದೆ.

ಅಭಿಪ್ರಾಯ ಹೇಳುವ ದಿನ ಕಿರಾಣಿ ಅಂಗಡಿಯವನು, ‘ಇದು ಮಂದಿ ಮುಂದ ಓದೂ ಪುಸ್ತಕ ಅಲ್ರಿ’ ಎಂದ.

ಮಾಸ್ತರರು ನಕ್ಕರು. ‘ಕಸಿ ಅಂದ್ರ ಸಂಸ್ಕಾರಪಾ! ಮಾವಿನ ಗಿಡಕ್ಕ ಮಾಡೂದಿಲ್ಲೇನು? ಹಂಗ ಇದು ಸಂಗೀತದ ಕಸಿ.’ ಆಮೇಲೆ ನನ್ನ ಕಡೆ ಬೆರಳು ಮಾಡಿದರು. ‘ನಿನ್ನ ಮಗಾ ಭಜನಿಯೊಳಗ ಛಲೋ ಹಾಡ್ತಾನ. ಅವಗೂ ಇಂಥಾ ಕಸಿ ಆಗ್ಬೇಕು ನೋಡು.’

ಕೂತಿದ್ದ ರೈತರೆಲ್ಲ ರುಮಾಲಿನ ಚುಂಗು ಬಾಯಿಗೆ ಒತ್ತಿಕೊಂಡರು.

‘ಹೋರಿಗೆ ಮಾಡಿಸೀನ್ರಿ ಮಾಸ್ತರ’ ಎಂದೆ. ‘ಕೆಡವಿ ಹಿಡಿಯಾಕ ನಾಕು ಮಂದಿ ಬೇಕಾಗ್ತಾರ. ಮಗಗ ಮಾತ್ರ ಮಾಡ್ಸಾಂಗಿಲ್ರಿ, ನಮಗ ಮೊಮ್ಮಕ್ಕಳು ಬೇಕು.’

ನಗು ಬಸ್ ನಿಲ್ಲುವ ಕಟ್ಟೆಯ ತನಕ ಕೇಳಿತು. ಮಾಸ್ತರರು ಚಾಳೀಸು ಒರೆಸಿದರು, ಮತ್ತೆ ಒರೆಸಿದರು. ಆಮೇಲೆ ಆ ಪುಸ್ತಕ ಎಳೆದುಕೊಂಡು ಮೊದಲ ಪುಟದಿಂದ ಓದತೊಡಗಿದರು. ಅಷ್ಟು ಕಲಿತವರಿಗೆ ತಿಳಿಯದ ಆ ಪದ ನಮ್ಮ ಎತ್ತುಗಳಿಗೂ ಗೊತ್ತಿತ್ತು.